ಓವಿ ಗೀಡ್ರೋನ ಕಾಗದದ ಚೀಲ

ಕೋಟೆ ಗೆದ್ದವರನ್ನು ಜಗತ್ತು ನೆನಪಿಟ್ಟುಕೊಳ್ಳುತ್ತದೆ. ಸಮುದ್ರ ದಾಟಿದವರಿಗೆ ಊರ ನಡುವೆ ವಿಗ್ರಹ ನಿಲ್ಲಿಸುತ್ತದೆ. ನ್ಯೂ ಆರ್ಲಿಯನ್ಸ್ ಬಳಿಯ ಬಯೂ ಲಫೂಷ್ ಹೊಳೆಯ ಎರಡು ದಂಡೆಯ ಜನರಿಗೆ ಅಂಥವರ ಅಗತ್ಯ ಬೀಳಲಿಲ್ಲ. ಅವರಿಗೆ ಓವಿ ಗೀಡ್ರೋ ಇದ್ದ. ಓವಿಯ ಕಂಕುಳಲ್ಲಿ ಒಂದು ಕಾಗದದ ಚೀಲ ಇತ್ತು.

ಚೀಲವೇನೂ ದೇವಲೋಕದಿಂದ ಇಳಿದದ್ದಲ್ಲ. ಕಿರಾಣಿ ಅಂಗಡಿಯಲ್ಲಿ ಈರುಳ್ಳಿ ತುಂಬಿಕೊಡುವ ಕಂದು ಚೀಲ, ಬಾಯಿ ಎರಡು ಸಲ ಮಡಚಿದ್ದು. ಅದರೊಳಗೆ ಹಸಿರು ಗಾಜಿನ ಬಾಟಲಿ. ಬಾಟಲಿಯೊಳಗೆ ಅವನ ಹೆಂಡತಿ ವರ್ಲೀ ಮಾಡಿದ ಚೆರಿ ಬೌನ್ಸ್. ಕಾಡುಚೆರಿ, ಸಕ್ಕರೆ, ವಿಸ್ಕಿ ಮೂರನ್ನೂ ಭರಣಿಗೆ ತುಂಬಿ, ಬೇಸಿಗೆಯಿಂದ ಕ್ರಿಸ್‌ಮಸ್‌ವರೆಗೆ ಮಂಚದ ಕೆಳಗೆ ಮಲಗಿಸಿ, ಆಮೇಲೆ ಎಬ್ಬಿಸಿದ ಮದ್ಯ. ಓವಿ ಯಾರ ಮನೆಗೆ ಹೋದರೂ ಚೀಲ ಜೊತೆಗೆ ಹೋಗುತ್ತಿತ್ತು. ಮದುವೆಗೂ ಅದೇ ಚೀಲ, ಸಾವಿನ ಮನೆಗೂ ಅದೇ ಚೀಲ. "ಊಟ ನಿಮ್ಮದು, ಕುಡಿಯೋದು ನನ್ನದು" ಎಂದು ಹೇಳಿ ಕೂರುವವನು. ಹೆರವರ ಮನೆಯ ಮದ್ಯದ ಒಂದು ಹನಿಯೂ ಅವನ ಗಂಟಲಲ್ಲಿ ಇಳಿದದ್ದಿಲ್ಲ ಎಂದು ಊರು ಆಣೆ ಮಾಡಿ ಹೇಳುತ್ತಿತ್ತು. ಒಮ್ಮೆ ಬಿಷಪರು ಬಂದಾಗ ಅವರು ಕೊಟ್ಟ ವೈನನ್ನು ಬೇಡವೆಂದು ಚೀಲ ಬಿಚ್ಚಿದನಂತೆ. ವಾಸನೆ ಬಡಿದ ಬಿಷಪರು ತಮ್ಮ ಲೋಟ ಖಾಲಿ ಮಾಡಿ ಮುಂದೆ ಹಿಡಿದರಂತೆ. ಈ ಕಥೆ ಹೇಳುವವರು ಪ್ರತಿ ಸಲವೂ ಬಿಷಪರಿಗೆ ಇನ್ನೊಂದು ಲೋಟ ಹೆಚ್ಚಿಗೆ ಕುಡಿಸುತ್ತಾರೆ. ಈಗ ಕೇಳಿದರೆ ಅವರನ್ನು ನಾಲ್ಕು ಜನ ಹೊತ್ತುಕೊಂಡು ಹೋಗುವ ಹಂತಕ್ಕೆ ಬಂದಿದೆ.

ಆದರೆ ಅದೆಲ್ಲ ನೆಲದ ಮೇಲಿನ ಕೀರ್ತಿ. ನಿಜವಾದ ಪವಾಡ ನಡೆಯುತ್ತಿದ್ದದ್ದು ನೀರಿನ ಮೇಲೆ.

ಪ್ರತಿ ವರ್ಷ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ಮೇಲೆ ಚರ್ಚಿನ ಹಿರಿಯರ ಗುಂಪೊಂದು ನ್ಯೂ ಆರ್ಲಿಯನ್ಸ್‌ಗೆ ಹೋಗಿ ಕ್ರೂಸ್ ಹಡಗು ಹತ್ತುತ್ತಿತ್ತು. ಹಡಗಿನಲ್ಲಿ ತಿನ್ನುವುದಕ್ಕೆ ಮಿತಿಯಿಲ್ಲ. ಆದರೆ ಮದ್ಯದ ವಿಷಯದಲ್ಲಿ ಕಟ್ಟುನಿಟ್ಟು. ಮನೆಯಿಂದ ತರುವಂತಿಲ್ಲ, ಹಡಗಿನ ಬಾರಿನಲ್ಲೇ ಕೊಳ್ಳಬೇಕು. ಅಲ್ಲಿನ ಬೆಲೆ ಕೇಳಿದರೆ ಪಾಪಿಯೂ ಒಳ್ಳೆಯವನಾಗುತ್ತಾನೆ. ಬಂದರಿನಲ್ಲಿ ಪ್ರತಿ ಚೀಲವೂ ಎಕ್ಸ್‌ರೇ ಯಂತ್ರದ ಹೊಟ್ಟೆಯೊಳಗೆ ಹೋಗಿ ಬರಬೇಕು. ಬಯೂ ಜನ ದೇವರಿಗೆ ಹೆದರುತ್ತಾರೆ, ಬಿರುಗಾಳಿಗೆ ಹೆದರುತ್ತಾರೆ, ಆದರೆ ಇಂಥ ನಿಯಮಕ್ಕೆ ಹೆದರಿದರೆ ಮರ್ಯಾದೆ ಉಳಿಯುವುದಿಲ್ಲ. ಹಾಗಾಗಿ ಎಲ್ಲರೂ ಏನಾದರೊಂದು ಅಡಗಿಸಿ ತರುತ್ತಿದ್ದರು, ಎಲ್ಲರೂ ಸಿಕ್ಕಿಬೀಳುತ್ತಿದ್ದರು. ಓವಿ ಮಾತ್ರ ಕಂದು ಚೀಲವನ್ನು ಮಗುವಿನ ಹಾಗೆ ಹಿಡಿದುಕೊಂಡು ಯಂತ್ರ ದಾಟಿ ಒಳಗೆ ಹೋಗುತ್ತಿದ್ದ. ಸಂಜೆ ಊಟದ ಮೇಜಿನ ಮೇಲೆ ಹಸಿರು ಬಾಟಲಿ ಕುತ್ತಿಗೆಮಟ್ಟ ತುಂಬಿ ನಿಂತಿರುತ್ತಿತ್ತು.

ಇದರಿಂದ ಎಲ್ಲರಿಗಿಂತ ಹೆಚ್ಚು ನಿದ್ದೆಗೆಟ್ಟವನು ಕ್ಲೇಬರ್ ಫಲ್ಗೂ. ವರ್ಲೀಯ ತಂಗಿ ಯೂನೀಡ್‌ಳ ಗಂಡ, ಅಂದರೆ ಓವಿಯ ಷಡ್ಡಕ. ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು, ಗಟ್ಟಿ ಗಂಟಲಿನವನು, ತನ್ನಷ್ಟು ಚಾಲಾಕಿ ಈ ಹೊಳೆಯ ದಂಡೆಯಲ್ಲಿ ಹುಟ್ಟಿಲ್ಲ ಎಂದು ನಂಬಿದವನು. ಓವಿಗೆ ಸಾಧ್ಯವಾದದ್ದು ತನಗೆ ಸಾಧ್ಯವಿಲ್ಲ ಎನ್ನುವುದು ಅವನಿಗೆ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಮೀನಿನ ಮುಳ್ಳಾಗಿತ್ತು.

ಅವನ ಮೊದಲ ದಂಡಯಾತ್ರೆ ಬಾಯಿ ಮುಕ್ಕಳಿಸುವ ಔಷಧಿಯ ಬಾಟಲಿಯಲ್ಲಿ. ರಮ್ಮಿಗೆ ಅಡುಗೆಯ ಹಸಿರು ಬಣ್ಣ ಬೆರೆಸಿ ಬಾಟಲಿಗೆ ತುಂಬಿದ್ದ. ಬಂದರಿನ ತಪಾಸಣೆಯ ಮೇಜಿನಲ್ಲಿ ಮಿಸ್ ಡೆಲ್ಫೀನ್ ಎಂಬ ಹೆಂಗಸು ಇದ್ದಳು. ನ್ಯೂ ಆರ್ಲಿಯನ್ಸ್‌ನವಳು, ದೊಡ್ಡ ಮೈ, ಇನ್ನೂ ದೊಡ್ಡ ತಾಳ್ಮೆ. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಮಿಸ್ಟರ್ ಕ್ಲೇಬರ್, ಒಂದು ಸಲ ಮುಕ್ಕಳಿಸಿ ಉಗುಳಿ ತೋರಿಸ್ತೀರಾ?"

ಕ್ಲೇಬರ್ ಗಂಭೀರವಾಗಿ ಮುಕ್ಕಳಿಸಿದ. ಕೆನ್ನೆ ಉಬ್ಬಿಸಿದ, ಗಂಟಲಲ್ಲಿ ಗೊಳಗೊಳ ಮಾಡಿದ. ಡೆಲ್ಫೀನ್ ಬಿಳಿ ಬಕೆಟ್ಟನ್ನು ಮುಂದೆ ಹಿಡಿದಳು. ಅಲ್ಲಿ ಅವನ ಕುಲದ ಮಾನದ ಪ್ರಶ್ನೆ ಎದ್ದಿತು. ಅವನ ಅಪ್ಪನಾಗಲಿ ಅಜ್ಜನಾಗಲಿ ಒಳ್ಳೆಯ ರಮ್ಮನ್ನು ಎಂದೂ ಉಗುಳಿದವರಲ್ಲ. ಕ್ಲೇಬರ್ ನುಂಗಿದ.

"ಗೊತ್ತಾಯ್ತು," ಅಂದಳು ಡೆಲ್ಫೀನ್, ಬಾಟಲಿಯನ್ನು ಬಕೆಟ್ಟಿಗೆ ಬಗ್ಗಿಸುತ್ತ.

ಇನ್ನೊಂದು ವರ್ಷ ಪೊಳ್ಳು ಊರುಗೋಲು. ಅದು ಸೋರಿತು, ಮೇಲಾಗಿ ಕುಂಟಬೇಕಾದ ಕಾಲು ಎಡದ್ದೋ ಬಲದ್ದೋ ಎಂದು ಅರ್ಧ ದಾರಿಯಲ್ಲಿ ಮರೆತುಹೋಯಿತು. ಹೋದ ವರ್ಷ ಅವನು ಪ್ರಯೋಗಿಸಿದ್ದು ಬ್ರಹ್ಮಾಸ್ತ್ರ. ಹಡಗಿನಲ್ಲಿ ಜಪಮಾಲೆ ಪ್ರಾರ್ಥನೆಗೆಂದು ಗುಂಪು ಜೊತೆಗೆ ಒಯ್ಯುತ್ತಿದ್ದ ಮಾತೆ ಮರಿಯಮ್ಮನ ಪ್ಲಾಸ್ಟರ್ ಮೂರ್ತಿಯ ಒಳಗೆ ಅರೆಬಾಟಲಿ ವಿಸ್ಕಿ ಸೇರಿಸಿದ್ದ. ಯಂತ್ರದ ತೆರೆಯ ಮೇಲೆ ಮರಿಯಮ್ಮನವರ ಹೊಟ್ಟೆಯಲ್ಲಿ ಬಾಟಲಿ ಕಂಡಾಗ ಡೆಲ್ಫೀನ್ ಮೊದಲು ಶಿಲುಬೆಯ ಗುರುತು ಹಾಕಿಕೊಂಡಳು, ಆಮೇಲೆ ಬಕೆಟ್ ಎಳೆದುಕೊಂಡಳು. ಯೂನೀಡ್ ಗಂಡನ ಜೊತೆ ಕೊಜುಮೆಲ್ ದ್ವೀಪ ಬರುವವರೆಗೂ ಮಾತಾಡಲಿಲ್ಲ. ಪಾದ್ರಿಗಳು ಪ್ರಾಯಶ್ಚಿತ್ತವೆಂದು ಅವನ ಕೈಲಿ ಚರ್ಚಿನ ಹಿಂದಿನ ಬೇಲಿಗೆ ಬಣ್ಣ ಬಳಿಸಿದರು.

ಆ ಬೇಲಿಗೆ ಕ್ಲೇಬರ್ ಬಣ್ಣ ಬಳಿಯುತ್ತಿದ್ದಾಗ ಓವಿ ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತು ನೋಡಿದ್ದ.

"ಹೇಳೋ ಓವಿ. ಹೇಗೆ ದಾಟಿಸ್ತೀಯ?"

"ಚೀಲದಲ್ಲಿ," ಅಂದಿದ್ದ ಓವಿ.

"ಅದು ಗೊತ್ತು ಶಾ. ಹೇಗೆ ಅಂತ ಕೇಳಿದ್ದು." ಬಯೂ ಜನ ಪ್ರೀತಿ ಬಂದರೂ ಸಿಟ್ಟು ಬಂದರೂ ಒಬ್ಬರನ್ನೊಬ್ಬರು ಶಾ ಎಂದೇ ಕರೆಯುವುದು. ಇದು ಯಾವುದೆಂದು ಸ್ವರದಲ್ಲಿ ಗೊತ್ತಾಗಬೇಕು.

"ಕೈಯಲ್ಲಿ ಹಿಡ್ಕೊಂಡು," ಅಂದ ಓವಿ. "ಅಲ್ಲೊಂದು ಹಲಗೆ ಬಿಟ್ಟಿದೀಯ ನೋಡು."

ಓವಿ ಹೀಗೆ ಮಾತು ಕಡಿಮೆ ಆಡುವುದಕ್ಕೆ ಅವನ ಕೆಲಸವೇ ಕಾರಣ ಎನ್ನುವವರಿದ್ದರು. ಅವನು ಹರೆಯದಿಂದ ಮುಪ್ಪಿನವರೆಗೆ ಮಾಡಿದ್ದು ಒಂದೇ ಕೆಲಸ, ಹೊಳೆಯ ಮೇಲಿನ ಏಳುವ ಸೇತುವೆಯನ್ನು ಕಾಯುವುದು. ದೋಣಿ ಬಂದು ಒಂದು ಉದ್ದ, ಒಂದು ಗಿಡ್ಡ ಹಾರ್ನ್ ಹಾಕಿದರೆ ಸೇತುವೆ ಎತ್ತು ಎಂದರ್ಥ. ಓವಿ ತಾನೂ ಒಂದು ಉದ್ದ, ಒಂದು ಗಿಡ್ಡ ಹಾಕಿ ಉತ್ತರ ಕೊಟ್ಟು ಸನ್ನೆಕೋಲು ಎಳೆಯುತ್ತಿದ್ದ. ರಸ್ತೆಯಲ್ಲಿ ಕಾರುಗಳು ನಿಲ್ಲುತ್ತಿದ್ದವು, ಕ್ಲೇಬರನ ಬಸ್ಸೂ ನಿಲ್ಲುತ್ತಿತ್ತು. "ನನ್ನ ಅರ್ಧ ಆಯುಷ್ಯ ನಿನ್ನ ಸೇತುವೆಯ ಅಡಿಭಾಗ ನೋಡೋದರಲ್ಲೇ ಹೋಯ್ತು" ಎಂದು ಅವನು ಇವತ್ತಿಗೂ ದೂರುತ್ತಾನೆ.

ಸೀಗಡಿ ದೋಣಿಗಳು ಮರಳಿ ಬರುವಾಗ ಓವಿ ಸೇತುವೆಯ ಮೇಲಿನ ಕೋಣೆಯಿಂದ ಹಗ್ಗಕ್ಕೆ ಕಟ್ಟಿದ ಬಕೆಟ್ಟನ್ನು ಇಳಿಬಿಡುತ್ತಿದ್ದ. ದೋಣಿಯವರು ಹಾದುಹೋಗುತ್ತಲೇ ಅದಕ್ಕೆ ಎರಡು ಬೊಗಸೆ ಸೀಗಡಿ ಸುರಿಯುತ್ತಿದ್ದರು. ಅದು ಲಂಚವೂ ಅಲ್ಲ, ಸಂಬಳವೂ ಅಲ್ಲ, ಬಯೂ ಪದ್ಧತಿ. ಆ ದೋಣಿಗಳಲ್ಲಿ ಒಂದು ವರ್ಲೀಯ ಅಪ್ಪನದು. ಹಾರ್ನ್ ಹಾಕುವ ಕೆಲಸ ವರ್ಲೀಯದು. ಉದ್ದದ ಹಾರ್ನನ್ನು ಎಲ್ಲರ ಹಾಗೇ ಹಾಕುತ್ತಿದ್ದಳು, ಗಿಡ್ಡದ್ದನ್ನು ಮಾತ್ರ ಗುಟುಕ್ಕೆಂದು, ಬಿಕ್ಕಳಿಕೆಯಷ್ಟು ಚಿಕ್ಕದಾಗಿ. ಓವಿಗೆ ಕಣ್ಣುಮುಚ್ಚಿದ್ದರೂ ಯಾರ ದೋಣಿ ಎಂದು ಗೊತ್ತಾಗುತ್ತಿತ್ತು. ಒಂದು ಸಲ ಆ ಬಿಕ್ಕಳಿಕೆ ಕೇಳಿದ ಭರದಲ್ಲಿ, ಕೊನೆಯುಸಿರು ಎಳೆಯುತ್ತಿದ್ದವನ ಬಳಿ ಹೊರಟಿದ್ದ ಪಾದ್ರಿಗಳ ಕಾರನ್ನೂ ನಿಲ್ಲಿಸಿ ಸೇತುವೆ ಎತ್ತಿದ್ದ. ಪಾದ್ರಿಗಳು ತಡವಾಗಿ ಮುಟ್ಟಿದರು. ಅಷ್ಟರಲ್ಲಿ ಆ ಕಾಯಿಲೆಯವನು ಎದ್ದು ಕೂತು ಗಂಜಿ ಕೇಳುತ್ತಿದ್ದ. ಇದನ್ನು ಶುಭಶಕುನ ಎಂದು ತಿಳಿದು ವರ್ಲೀಯ ಅಪ್ಪ ಮದುವೆಗೆ ಒಪ್ಪಿದ.

ಮದುವೆಯಾದ ಮೇಲೆ ಬಕೆಟ್ ಬರಿದಾಗಿ ಇಳಿಯುವುದು ನಿಂತಿತು. ಕ್ರಿಸ್‌ಮಸ್ ಹತ್ತಿರ ಬಂದಾಗ ಅದರಲ್ಲಿ ಬೌನ್ಸ್ ತುಂಬಿದ ಪುಟ್ಟ ಬಾಟಲಿಗಳು ಇರುತ್ತಿದ್ದವು, ದೋಣಿಗೊಂದು. ಸೇತುವೆ ಕಾಯುವವನ ಮನೆಯ ಹಿಂದೆ ಒಂದು ಕಾಡುಚೆರಿ ಮರ ಇತ್ತು. ಜೂನ್ ತಿಂಗಳಲ್ಲಿ ಗಂಡ ಹೆಂಡತಿ ಮರದ ಕೆಳಗೆ ಹಳೆಯ ಹಾಸಿಗೆ ವಸ್ತ್ರ ಹಾಸಿ ಕೊಂಬೆ ಅಲುಗಿಸುತ್ತಿದ್ದರು. ಬಟಾಣಿ ಗಾತ್ರದ ಕಪ್ಪು ಹಣ್ಣು ಮಳೆಯ ಹಾಗೆ ಬೀಳುತ್ತಿತ್ತು. ವರ್ಲೀಯ ಬೆರಳುಗಳು ಆಗಸ್ಟ್‌ವರೆಗೂ ನೇರಳೆ ಬಣ್ಣ ಬಿಡುತ್ತಿರಲಿಲ್ಲ. ಆಮೇಲೆ ಎತ್ತರದ ಹೊಸ ಸೇತುವೆ ಬಂತು, ಯಾರೂ ಎತ್ತುವ ಅಗತ್ಯವಿಲ್ಲದ್ದು. ಓವಿ ಕೆಲಸ ಬಿಟ್ಟು ಮನೆಗೆ ಬಂದ. ಅದಾದ ಮೇಲೆ ಬಂದ ಬಿರುಗಾಳಿ ಮರವನ್ನು ಬುಡ ಸಮೇತ ಕಿತ್ತು ಹೊಳೆಗೆ ಹಾಕಿತು.

ಹಡಗಿನ ಯಾತ್ರೆ ಶುರುವಾದದ್ದು ಓವಿ ಮನೆಗೆ ಬಂದ ವರ್ಷ. ಆ ಮೊದಲ ಸಲ ಓವಿ ಮತ್ತು ವರ್ಲೀ ಎಲ್ಲರಿಗಿಂತ ಹಿಂದೆ ಉಳಿದು ತಡವಾಗಿ ಹಡಗು ಹತ್ತಿದ್ದರು. ವರ್ಲೀಯ ಕಣ್ಣು ಕೆಂಪಾಗಿತ್ತು. "ಬಂದರಲ್ಲಿ ಎಷ್ಟು ಧೂಳು" ಅಂದಿದ್ದಳು. ಆ ಸಂಜೆ ಬೌನ್ಸ್ ಬರಲಿಲ್ಲ. ಕ್ಲೇಬರ್ ಕೇಳಿದ್ದಕ್ಕೆ, ತರುವುದು ಮರೆತೆ ಎಂದಿದ್ದಳು. ಮಾರನೆಯ ವರ್ಷದಿಂದ ಮರೆಯಲಿಲ್ಲ.

ಅಲ್ಲಿಂದ ಒಂದು ಪದ್ಧತಿಯೇ ಬೆಳೆಯಿತು. ಹಡಗು ನ್ಯೂ ಆರ್ಲಿಯನ್ಸ್ ಬಿಟ್ಟು ಮಿಸಿಸಿಪ್ಪಿ ನದಿಯಲ್ಲಿ ಇಳಿಯುತ್ತ, ಮುಸ್ಸಂಜೆಯ ಊಟದ ಹೊತ್ತಿಗೆ ಇಂಗ್ಲಿಷ್ ಟರ್ನ್ ಎನ್ನುವ ದೊಡ್ಡ ತಿರುವಿಗೆ ಬರುತ್ತದೆ. ತಿರುವಿನಾಚೆ ಇರುವವರಿಗೆ ಎಚ್ಚರಿಕೆ ಕೊಡಲು ಹಡಗು ಒಂದು ಉದ್ದದ ಹಾರ್ನ್ ಹಾಕುತ್ತದೆ. ಅದು ಕೇಳಿದ ತಕ್ಷಣ ಓವಿಯ ಬಲಗೈ, ಸೂಪಿನ ಚಮಚ ಹಿಡಿದಿದ್ದರೂ ಸರಿ, ತಾನಾಗಿ ಮೇಲೆದ್ದು ಗಾಳಿಯಲ್ಲಿ ಸನ್ನೆಕೋಲು ಎಳೆಯುತ್ತಿತ್ತು. ವರ್ಲೀ ತನ್ನ ಚಮಚದಿಂದ ಹಸಿರು ಬಾಟಲಿಗೆ ಟಣ್ ಎಂದು ಒಂದು ಗಿಡ್ಡ ಏಟು ಹಾಕುತ್ತಿದ್ದಳು. ಉದ್ದ ಒಂದು, ಗಿಡ್ಡ ಒಂದು. ಸೇತುವೆ ಎದ್ದಿತು. ಆಮೇಲೆ ಮೇಜಿನ ಸುತ್ತ ಕೂತ ಎಲ್ಲರಿಗೂ ಒಂದೊಂದು ಗುಟುಕು.

ಮೊದಲ ಗುಟುಕು ಇಳಿದ ಮೇಲೆ ಕ್ಲೇಬರನ ಭಾಷಣ. "ಬೇಕಾದ್ರೆ ಈ ಹಡಗಿನ ಎಲ್ಲಾ ಬಾರು ಜಾಲಾಡಿ. ಇಂಥದ್ದು ಒಂದು ತೊಟ್ಟು ಸಿಗಲ್ಲ. ಇದು ವರ್ಲೀ ಕೈಯಿಂದ ಮಾತ್ರ ಬರೋದು. ಮನೇಲಿ ಕುಡಿದದ್ದಕ್ಕಿಂತ ಇಲ್ಲಿ ಇನ್ನೂ ಚೆನ್ನಾಗಿರತ್ತೆ, ನೋಡಿದೀರಾ? ಸಮುದ್ರದ ಗಾಳಿ ಮಹಿಮೆ." ಈ ಮಾತು ಬಂದಾಗಲೆಲ್ಲ ವರ್ಲೀ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದಳು, ಓವಿ ತಟ್ಟೆ ನೋಡುತ್ತಿದ್ದ. ಹೊಗಳಿಕೆಗೆ ನಾಚುವ ಹೆಂಗಸು ಎಂದುಕೊಂಡು ಕ್ಲೇಬರ್ ಇನ್ನೊಂದು ಸುತ್ತು ಹೊಗಳುತ್ತಿದ್ದ.

ವರ್ಲೀ ಏಪ್ರಿಲ್‌ನಲ್ಲಿ ತೀರಿಕೊಂಡಳು.

ಆ ಬೇಸಿಗೆಯಲ್ಲಿ ಓವಿ ಯಾರ ಮನೆಗೂ ಹೋಗಲಿಲ್ಲ. ಚೀಲವೂ ಕಾಣಲಿಲ್ಲ. ನವೆಂಬರ್ ಬಂದಾಗ ತಾನು ಹಡಗಿಗೆ ಬರುವುದಿಲ್ಲ ಎಂದ. ಯೂನೀಡ್ ಒಂದು ಪಾತ್ರೆ ಗಂಬೋ ಸಾರು ಹೊತ್ತುಕೊಂಡು ಹೋಗಿ ಅವನ ಅಡುಗೆಮನೆಯಲ್ಲಿ ಕೂತಳು. ಕ್ಲೇಬರ್ ಬಾಗಿಲಿಗೆ ಒರಗಿ ನಿಂತ.

"ಅಕ್ಕನ ಕುರ್ಚಿ ಖಾಲಿ ಇರತ್ತೆ, ನಿಜ," ಅಂದಳು ಯೂನೀಡ್. "ನೀವೂ ಬರದೆ ಹೋದ್ರೆ ಎರಡು ಕುರ್ಚಿ ಖಾಲಿ. ಅದನ್ನ ನೋಡ್ಕೊಂಡು ನಾನು ಅನ್ನ ಹೇಗೆ ತಿನ್ನಲಿ?"

ಓವಿ ಬಹಳ ಹೊತ್ತು ಗಂಬೋ ಕಲಕಿದ. ಆಮೇಲೆ ಎದ್ದು ಮಲಗುವ ಕೋಣೆಗೆ ಹೋಗಿ, ಮೊಣಕಾಲೂರಿ ಮಂಚದ ಕೆಳಗೆ ಕೈ ಹಾಕಿ, ಹಸಿರು ಬಾಟಲಿಯನ್ನು ಹೊರಗೆ ತಂದ. ತುಂಬಿತ್ತು. ತಳದಲ್ಲಿ ಕಪ್ಪು ಹಣ್ಣುಗಳು ಒತ್ತೊತ್ತಾಗಿ ಕೂತಿದ್ದವು.

"ಮರ ಬೀಳೋಕೆ ಮುಂಚಿನ ಹಣ್ಣು," ಅಂದ. "ಇದೊಂದೇ ಉಳಿದಿರೋದು. ಇಂಗ್ಲಿಷ್ ಟರ್ನ್‌ನಲ್ಲಿ ಎಲ್ಲರೂ ಕೂತು ಮುಗಿಸೋಣ. ಇಲ್ಲಿ ಒಬ್ಬನೇ ಕುಡಿಯೋಕೆ ನನ್ನ ಕೈಲಾಗಲ್ಲ."

ಕ್ಲೇಬರ್ ಎದೆ ಮುಟ್ಟಿಕೊಂಡು ಮಾತು ಕೊಟ್ಟ. ಈ ವರ್ಷ ತನ್ನ ಯಾವ ತಂತ್ರವೂ ಇಲ್ಲ, ಊರುಗೋಲಿಲ್ಲ, ಮರಿಯಮ್ಮನವರ ತಂಟೆಗೆ ಹೋಗುವುದಿಲ್ಲ. ವರ್ಲೀಯ ಕೊನೆಯ ಬಾಟಲಿ ದಾಟುವುದಷ್ಟೇ ಮುಖ್ಯ. ದಾಟಿಸುವವನು ಓವಿ, ಮತ್ತೆ ಚಿಂತೆ ಯಾತಕ್ಕೆ?

ಬಂದರಿನಲ್ಲಿ ಸಾಲು ಉದ್ದ ಇತ್ತು. ಕ್ಲೇಬರ್ ಷಡ್ಡಕನ ಬೆನ್ನಿಗೆ ಅಂಟಿಕೊಂಡು ನಿಂತ. ಎಷ್ಟೋ ವರ್ಷ ಬೇರೆ ಸಾಲಿನಲ್ಲಿ ತನ್ನ ಬಾಟಲಿಯ ಭಯದಲ್ಲೇ ನಿಂತು, ಈ ಪವಾಡವನ್ನು ಹತ್ತಿರದಿಂದ ನೋಡಲು ಆಗಿರಲಿಲ್ಲ. ಇವತ್ತು ಕಣ್ಣು ಮಿಟುಕಿಸಬಾರದು ಎಂದುಕೊಂಡ. ಓವಿ ಮಂತ್ರ ಹೇಳುತ್ತಾನೋ, ಕಣ್ಣು ಹೊಡೆಯುತ್ತಾನೋ, ತಪಾಸಣೆಯವರ ಕೈಗೆ ಏನಾದರೂ ತುರುಕುತ್ತಾನೋ. ಓವಿ ಏನೂ ಮಾಡಲಿಲ್ಲ. ಕಂದು ಚೀಲವನ್ನು ಯಂತ್ರದ ಪಟ್ಟಿಯ ಮೇಲೆ ಇಟ್ಟು ಟೋಪಿ ತೆಗೆದ.

ಯಂತ್ರ ಕೂಗಿತು.

ಮಿಸ್ ಡೆಲ್ಫೀನ್ ಬಂದಳು. ಚೀಲವನ್ನು ಎತ್ತಿದವಳು, ಎತ್ತಿದಲ್ಲೇ ನಿಂತಳು.

"ಮಿಸ್ಟರ್ ಓವಿ," ಅಂದಳು, ದನಿ ತಗ್ಗಿಸಿ. "ಈ ಸಲ ತೂಕ ಇದೆಯಲ್ಲ."

"ಇದೆ."

ಅವಳು ಓವಿಯ ಹಿಂದೆ ನೋಡಿದಳು, ಕ್ಲೇಬರನ ಹಿಂದೆ ನೋಡಿದಳು. "ಮಿಸ್ ವರ್ಲೀ ಎಲ್ಲಿ?"

"ಏಪ್ರಿಲಲ್ಲಿ ಹೋದ್ಲು."

ಡೆಲ್ಫೀನ್ ಚೀಲವನ್ನು ಮೇಜಿನ ಮೇಲೆ ಇಟ್ಟಳು, ಗಾಜಿನ ಸದ್ದು ಬಾರದ ಹಾಗೆ. ಬಕೆಟ್ ಕಾಲ ಬಳಿಯೇ ಇತ್ತು, ಅವಳು ಅದರ ಕಡೆ ನೋಡಲಿಲ್ಲ.

ಕ್ಲೇಬರ್ ಇನ್ನೂ ಪವಾಡಕ್ಕೆ ಕಾಯುತ್ತಿದ್ದ. ಈಗ ಆಗುತ್ತದೆ, ಇನ್ನೇನು ಆಗುತ್ತದೆ. ಓವಿ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ಸುಮ್ಮನೆ ನಿಂತಿದ್ದ, ದೋಣಿ ದಾಟುವವರೆಗೆ ಕಾಯುವವನ ಹಾಗೆ. ಮಹಾರಥಿಯ ಬತ್ತಳಿಕೆಯಲ್ಲಿ ಒಂದು ಬಾಣವೂ ಇಲ್ಲ ಎಂದು ಕ್ಲೇಬರನಿಗೆ ನಿಧಾನವಾಗಿ ಹೊಳೆಯಿತು.

"ಏನೋ ಇದು?" ಕಿವಿಯಲ್ಲಿ ಪಿಸುಗುಟ್ಟಿದ. "ಏನಾದ್ರೂ ಮಾಡು."

"ಏನ್ ಮಾಡ್ಲಿ?"

"ಪ್ರತಿ ವರ್ಷ ಮಾಡೋದನ್ನ."

"ಈ ವರ್ಷ ಅದು ಆಗಲ್ಲ," ಅಂದ ಓವಿ. "ಸಿಕ್ಕಿಬೀಳತ್ತೆ ಅಂತ ಗೊತ್ತಿತ್ತು. ಮನೇಲಿ ಬಿಟ್ಟು ಬರೋಕೆ ಮನಸ್ಸಾಗ್ಲಿಲ್ಲ, ಅಷ್ಟೇ."

ಡೆಲ್ಫೀನ್ ನಿಯಮ ಹೇಳಿದಳು, ಯಾರ ಮುಖವನ್ನೂ ನೋಡದೆ. ಅಂಗಡಿಯಿಂದ ತಂದ, ಮುಚ್ಚಳ ಬಿಚ್ಚದ ಬಾಟಲಿಯಾದರೆ ಹೆಸರು ಬರೆದಿಟ್ಟು ವಾಪಸ್ಸು ಬಂದಾಗ ಕೊಡುತ್ತಿದ್ದರು. ಮನೆಯಲ್ಲಿ ಮಾಡಿದ್ದನ್ನು ಇಟ್ಟುಕೊಳ್ಳುವಂತಿಲ್ಲ, ತಂದವರ ಎದುರೇ ಸುರಿಯಬೇಕು. "ಮೇಲಿನವರು ಅಲ್ಲೇ ನಿಂತಿದಾರೆ, ಮಿಸ್ಟರ್ ಓವಿ. ಎರಡನೇ ಸಲ ಇದನ್ನ ನನ್ನ ಕೈಯಿಂದ ಮಾಡಿಸ್ತಿದೀರಲ್ಲ."

"ನಿಮ್ಮ ತಪ್ಪೇನೂ ಇಲ್ಲಮ್ಮ. ಸೇತುವೆ ಇಳಿದಿದ್ರೆ ಇಳಿದ ಹಾಗೆ. ನಾನೂ ಅದೇ ಕೆಲಸ ಮಾಡಿದವನು."

ಎರಡನೇ ಸಲ ಎಂದರೇನೆಂದು ಕ್ಲೇಬರ್ ಕೇಳಬಹುದಿತ್ತು. ಆದರೆ ಅವನ ತಲೆ ಆಗ ಕೆಲಸ ಮಾಡುತ್ತಿತ್ತು, ವರ್ಷಗಟ್ಟಲೆ ಸೋತ ಸೇನಾಪತಿಯ ತಲೆ. ಊರುಗೋಲು, ಮೂರ್ತಿ, ಹಸಿರು ಬಣ್ಣ, ಎಲ್ಲವೂ ಒಂದೊಂದಾಗಿ ಕಣ್ಣ ಮುಂದೆ ಹಾದು ಹೋದವು. ಯಾವುದೂ ಪ್ರಯೋಜನಕ್ಕೆ ಬರಲಿಲ್ಲ. ಡೆಲ್ಫೀನ್ ಬಿರಡೆ ತೆಗೆದಳು. ವಾಸನೆ ಎದ್ದಿತು. ಜೂನ್ ತಿಂಗಳು, ಸೇತುವೆಯ ಮನೆ, ಮಂಚದ ಕೆಳಗಿನ ಕತ್ತಲೆ, ಎಲ್ಲ ಒಟ್ಟಿಗೇ ಬಂದು ಬಂದರಿನ ಕೋಣೆಯಲ್ಲಿ ನಿಂತವು. ಸಾಲಿನಲ್ಲಿದ್ದ ಯಾರೋ ಮುದುಕಿ ಮೂಗು ಎತ್ತಿ ನೋಡಿದಳು. ಕ್ಲೇಬರನ ಕಣ್ಣು ಬಾಟಲಿಯ ತಳಕ್ಕೆ ಹೋಯಿತು.

"ಮಿಸ್ ಡೆಲ್ಫೀನ್," ಅಂದ. ಅವನ ಗಟ್ಟಿ ಗಂಟಲು ಅವತ್ತು ಎಲ್ಲೋ ಹೋಗಿತ್ತು. "ಸುರಿಯೋದು ಮದ್ಯ ತಾನೇ?"

"ಹೌದು."

"ಹಣ್ಣು ಮದ್ಯ ಅಲ್ಲವಲ್ಲ."

ಅವಳು ಅವನನ್ನು ನೋಡಿದಳು. ಮುಕ್ಕಳಿಸಿ ನುಂಗಿದವನು, ಎರಡೂ ಕಾಲು ಕುಂಟಿದವನು, ಮಾತೆಯ ಗರ್ಭದಲ್ಲಿ ವಿಸ್ಕಿ ಇಟ್ಟವನು.

"ಮಿಸ್ಟರ್ ಕ್ಲೇಬರ್, ನಮ್ಮಜ್ಜಿನೂ ಬೌನ್ಸ್ ಮಾಡ್ತಿದ್ರು. ಆ ಹಣ್ಣಿನಲ್ಲಿ ಏನಿರತ್ತೆ ಅಂತ ನನಗೆ ಗೊತ್ತಿಲ್ವಾ? ರಸ ಮಕ್ಕಳಿಗೆ, ಹಣ್ಣು ಗಂಡಸರಿಗೆ ಅನ್ನೋರು."

"ಗೊತ್ತಿರತ್ತೆ," ಅಂದ ಕ್ಲೇಬರ್. "ನಾನು ಮೋಸ ಮಾಡ್ತಿಲ್ಲಮ್ಮ. ಈ ಸಲ ಕೇಳ್ಕೊಳ್ತಿದೀನಿ. ಅವಳು ನನ್ನ ಹೆಂಡತಿಯ ಅಕ್ಕ. ಆ ಮರ ಇಲ್ಲ, ಅವಳೂ ಇಲ್ಲ. ಇಷ್ಟೇ ಇರೋದು."

ಡೆಲ್ಫೀನ್ ಮೇಲಿನವರ ಕಡೆ ಒಮ್ಮೆ ನೋಡಿದಳು. ಆಮೇಲೆ ತನ್ನ ಕಾಫಿಯ ಕಾಗದದ ಲೋಟವನ್ನು ಎತ್ತಿ, ಉಳಿದಿದ್ದ ಕಾಫಿಯನ್ನು ಬಕೆಟ್ಟಿಗೆ ಚೆಲ್ಲಿದಳು. ಬಾಟಲಿಯ ಬಾಯಿಗೆ ಬೆರಳು ಅಡ್ಡ ಇಟ್ಟು ರಸವನ್ನು ಸುರಿದಳು, ಅವಸರವಿಲ್ಲದೆ. ಕೆಂಪು ಧಾರೆ ಬಕೆಟ್ಟಿಗೆ ಬಿದ್ದಷ್ಟು ಹೊತ್ತೂ ಓವಿ ತಲೆ ತಗ್ಗಿಸಲಿಲ್ಲ, ಪೂರ್ತಿ ನೋಡಿದ. ಕೊನೆಯಲ್ಲಿ ಅವಳು ಬೆರಳು ತೆಗೆದು ಬಾಟಲಿಯನ್ನು ಕಾಫಿ ಲೋಟದ ಮೇಲೆ ಬಗ್ಗಿಸಿ ತಟ್ಟಿದಳು. ಹಣ್ಣುಗಳು ಒಂದರ ಹಿಂದೆ ಒಂದು ಜಾರಿ ಬಿದ್ದವು. ಲೋಟಕ್ಕೆ ಮುಚ್ಚಳ ಒತ್ತಿದಳು.

"ಖಾಲಿ ಬಾಟಲಿಗೆ ಅಡ್ಡಿಯಿಲ್ಲ, ಎಂದೂ ಇರಲಿಲ್ಲ," ಎಂದು ಅದನ್ನು ಚೀಲಕ್ಕೆ ಹಾಕಿ ಓವಿಗೆ ಕೊಟ್ಟಳು. ಲೋಟವನ್ನು ಕ್ಲೇಬರನ ಕೈಗೆ ಕೊಟ್ಟಳು. "ನಿಮ್ಮ ಕಾಫಿ ಬಿಟ್ಟು ಹೋಗ್ತಿದೀರಿ. ತಗೊಂಡು ನಡೀರಿ. ಮುಂದಿನೋರು ಬನ್ನಿ."

ಕ್ಲೇಬರ್ ಆ ಲೋಟವನ್ನು ಹಿಡಿದು ಹಡಗಿನ ಇಳಿಜಾರು ಹತ್ತಿದ ಠೀವಿಯನ್ನು ನೋಡಬೇಕಿತ್ತು. ದಿಗ್ವಿಜಯ ಮುಗಿಸಿ ರಾಜಧಾನಿ ಹೊಕ್ಕ ದೊರೆಯೂ ಹಾಗೆ ನಡೆದಿರಲಾರ. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅವನು ಯಂತ್ರ ದಾಟಿಸಿದ್ದ, ಅದೂ ಮಹಾರಥಿಯೇ ಕೈಚೆಲ್ಲಿದ ಮೇಲೆ. ಇಳಿಜಾರಿನ ತುದಿಯಲ್ಲಿ ಕಾಯುತ್ತಿದ್ದ ಯೂನೀಡ್, "ಮತ್ತೆ ಏನು ಮಾಡ್ಕೊಂಡು ಬಂದ್ರಿ?" ಎಂದಾಗ ಅವನು ಮುಚ್ಚಳವನ್ನು ಸ್ವಲ್ಪ ಎತ್ತಿ ಅವಳ ಮೂಗಿನ ಬಳಿ ಹಿಡಿದ. ಯೂನೀಡ್ ಬೈಯಲಿಲ್ಲ. ಲೋಟಕ್ಕೆ ಅಂಗೈ ಮುಚ್ಚಿ ಹಿಡಿದಳು.

ಸಂಜೆ ಊಟದ ಮೇಜಿನಲ್ಲಿ ವರ್ಲೀಯ ಕುರ್ಚಿಯನ್ನು ಯಾರೂ ತೆಗೆಸಲಿಲ್ಲ. ಅದರ ಮುಂದೆ ಹಸಿರು ಬಾಟಲಿಯನ್ನು ಖಾಲಿಯಾಗಿಯೇ ನಿಲ್ಲಿಸಿದರು. ಹೊರಗೆ ದಂಡೆಯ ಮರಗಳು ಕಪ್ಪಾಗುತ್ತಿದ್ದವು. ಹಡಗಿನವರು ಗಂಬೋ ಎಂದು ಕೊಟ್ಟ ಸಾರನ್ನು ಯೂನೀಡ್ ಒಂದು ಚಮಚ ಬಾಯಿಗಿಟ್ಟು, ಕಾಯಿಲೆಯವರಿಗೆ ಸರಿ ಎಂದು ಪಕ್ಕಕ್ಕೆ ಸರಿಸಿದಳು. ಅಷ್ಟರಲ್ಲಿ ತಿರುವು ಬಂತು. ಹಡಗು ಉದ್ದದ ಹಾರ್ನ್ ಹಾಕಿತು. ಕಿಟಕಿಯ ಗಾಜು ಅದುರಿತು.

ಓವಿಯ ಬಲಗೈ ಮೇಲೆದ್ದು ಗಾಳಿಯಲ್ಲಿ ಸನ್ನೆಕೋಲು ಎಳೆಯಿತು. ಎಳೆದು ಅಲ್ಲೇ ನಿಂತಿತು. ಗಿಡ್ಡದ್ದು ಬರಬೇಕಿತ್ತು. ಅವನ ಕೈ ಇಳಿಯಲೂ ಇಲ್ಲ.

ಯೂನೀಡ್ ಚಮಚ ತೆಗೆದುಕೊಂಡು ಅಕ್ಕನ ಬಾಟಲಿಗೆ ಒಂದು ಏಟು ಹಾಕಿದಳು. ಖಾಲಿ ಬಾಟಲಿ ಹೆಚ್ಚು ಜೋರಾಗಿ ದನಿ ಕೊಟ್ಟಿತು. ಓವಿಯ ಕೈ ಇಳಿಯಿತು.

ಕ್ಲೇಬರ್ ಎದ್ದು ನಿಂತು ಕಾಫಿ ಲೋಟದಿಂದ ಎಲ್ಲರ ಚಮಚಕ್ಕೂ ಹಣ್ಣು ಹಂಚಿದ, ಪ್ರಸಾದ ಕೊಡುವ ಪಾದ್ರಿಗಳ ಗಾಂಭೀರ್ಯದಲ್ಲಿ. ಒಂದು ಚಮಚವನ್ನು ವರ್ಲೀಯ ತಟ್ಟೆಯಲ್ಲೂ ಇಟ್ಟ. ಎಲ್ಲರೂ ಬಾಯಿಗೆ ಹಾಕಿಕೊಂಡರು. ಹಣ್ಣು ಒಡೆಯಿತು. ಮೊದಲು ಸಿಹಿ, ಆಮೇಲೆ ಕಹಿ, ಆಮೇಲೆ ಗಂಟಲಿನುದ್ದಕ್ಕೂ ಬೆಂಕಿ. ಯೂನೀಡ್‌ಳ ಕಣ್ಣಲ್ಲಿ ನೀರು ಬಂತು, ಅದು ವಿಸ್ಕಿಯದೋ ಅಲ್ಲವೋ ಯಾರೂ ಕೇಳಲಿಲ್ಲ. ಓವಿ ಬಹಳ ಹೊತ್ತು ಅಗಿದ. ಬೀಜವನ್ನು ಉಗುಳದೆ ಕೆನ್ನೆಯಲ್ಲೇ ಇಟ್ಟುಕೊಂಡ.

ಕ್ಲೇಬರ್ ಭಾಷಣಕ್ಕೆ ಬಾಯಿ ತೆರೆದ. ಅವನಿಗೆ ಸುಳ್ಳು ಹೇಳಲು ಬರುತ್ತಿತ್ತು, ರುಚಿಯ ವಿಷಯದಲ್ಲಿ ಮಾತ್ರ ಬರುತ್ತಿರಲಿಲ್ಲ.

"ಬೇಜಾರು ಮಾಡ್ಕೋಬೇಡ ಓವಿ. ಹಣ್ಣು ಚೆನ್ನಾಗಿದೆ. ಆದ್ರೆ ನಿಜ ಹೇಳ್ತೀನಿ, ಪ್ರತಿ ವರ್ಷ ಹಡಗಿನಲ್ಲಿ ಕುಡೀತಿದ್ವಲ್ಲ, ಆ ರುಚಿ ಇದಕ್ಕಿಲ್ಲ."

ಓವಿ ಅವನನ್ನು ನೋಡಿದ. ನಂತರ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ, ವರ್ಲೀ ಇಟ್ಟುಕೊಳ್ಳುತ್ತಿದ್ದ ಹಾಗೆಯೇ. ಅವನ ಹೆಗಲು ಕುಣಿಯತೊಡಗಿತು. ಏಪ್ರಿಲ್ ಆದ ಮೇಲೆ ಅವನು ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. ಖಾಲಿ ಕುರ್ಚಿಯ ಕಡೆ ತಿರುಗಿ, ಅಲ್ಲಿ ಯಾರೋ ಕೂತು ತನ್ನ ಜೊತೆ ನಗುತ್ತಿದ್ದಾರೆ ಎನ್ನುವಂತೆ, ಕಣ್ಣು ಒದ್ದೆಯಾಗುವವರೆಗೆ ನಕ್ಕ.

"ನಗು, ನಗು," ಅಂದ ಕ್ಲೇಬರ್. "ಇವತ್ತು ದಾಟಿಸಿದೋನು ನಾನು, ನೀನಲ್ಲ. ಅದಕ್ಕಾದ್ರೂ ಮರ್ಯಾದೆ ಕೊಟ್ಟು ಈಗ ಹೇಳು. ನಾನು ಸಾಯೋಕೆ ಮುಂಚೆ ಗೊತ್ತಾಗ್ಬೇಕು. ಅಷ್ಟು ವರ್ಷ, ಆ ಯಂತ್ರದ ಎದುರು, ಆ ಡೆಲ್ಫೀನ್ ಕಣ್ಣೆದುರು, ಕುತ್ತಿಗೆಮಟ್ಟ ತುಂಬಿದ ಬಾಟಲಿನ ಹೇಗೆ ತಂದೆ?"

ಓವಿ ಕರವಸ್ತ್ರದಿಂದ ಕಣ್ಣು ಒರೆಸಿಕೊಂಡ.

"ಖಾಲಿ ಬಾಟಲಿ ತರ್ತಿದ್ದೆ ಶಾ," ಅಂದ. "ಇಲ್ಲೇ, ಈ ಹಡಗಿನ ಮೆಟ್ಟಿಲ ಪಕ್ಕದ ಬಾರ್‌ನಲ್ಲಿ ದುಡ್ಡು ಕೊಟ್ಟು ತುಂಬಿಸ್ಕೊಳ್ತಿದ್ವಿ."